ಹ್ಯಾರಿ ವಾರ್ಡನ್ ಮತ್ತು ನೆಲದ ಮೇಲಿನ ಚೆಂಡು

ಗಾಲ್ಫ್ ಎಂದೊಡನೆ ನಮ್ಮಲ್ಲಿ ಅನೇಕರ ಕಣ್ಮುಂದೆ ನಿಲ್ಲುವುದು ಸಿರಿವಂತರ ಸಂಜೆಯ ಚಿತ್ರ. ಬೆಂಗಳೂರಿನ ಗಾಲ್ಫ್ ಕ್ಲಬ್ಬು ೧೮೭೬ರಷ್ಟು ಹಿಂದೆಯೇ ಹುಟ್ಟಿದ್ದರೂ ಬೇಲಿಯ ಹೊರಗೆ ನಿಂತು ಅದರ ಹಸುರನ್ನು ನೋಡಿ ಮುಂದೆ ಸಾಗಿದವರೇ ಹೆಚ್ಚು. ನಾನೂ ಆ ಗುಂಪಿಗೇ ಸೇರಿದವನು. ಆದರೆ ಆಟದ ಕಥೆ ಆಡಿದವರಿಗಷ್ಟೇ ಮೀಸಲೆಂದು ಯಾರೂ ಕಟ್ಟು ಮಾಡಿಲ್ಲವಷ್ಟೆ. ಹ್ಯಾರಿ ವಾರ್ಡನ್ನನ ಜೀವನವನ್ನು ನಾನು ಓದತೊಡಗಿದ್ದು ಆಟ ಕಲಿಯುವುದಕ್ಕಲ್ಲ. ಬಡ ಮಾಲಿಯೊಬ್ಬನ ಮಗ ಒಂದು ಕಾಲದ ಕ್ರೀಡಾಜಗತ್ತಿಗೆ ಹೇಗೆ ಗುರುವಾದನೆಂಬುದನ್ನು ತಿಳಿಯುವುದಕ್ಕೆ. ಓದುತ್ತ ಹೋದಂತೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನ ಗೆಲವುಗಳಿಗಿಂತ ಹೆಚ್ಚಾಗಿ ಒಂದು ಬಗೆಯ ಹೊಡೆತ. ಅದನ್ನು ತಿಳಿಯದೆ ಅವನ ಬಾಳನ್ನು ತಿಳಿಯುವುದು ಕಷ್ಟ.

ಆಟವನ್ನು ಅರಿಯದ ಓದುಗರಿಗಾಗಿ ಎರಡು ಮಾತು. ಗಾಲ್ಫಿನಲ್ಲಿ ಪ್ರತಿಯೊಂದು ಕುಳಿಯ ಆಟ ಆರಂಭವಾಗುವಾಗ ಚೆಂಡನ್ನು ಚಿಕ್ಕದೊಂದು ದಿಬ್ಬದ ಮೇಲೆ ಇಟ್ಟು ಹೊಡೆಯಲು ಅವಕಾಶವುಂಟು. ವಾರ್ಡನ್ನನ ಕಾಲದಲ್ಲಿ ಅದು ಒಂದು ಚಿಟಿಕೆ ಮರಳು; ಅನಂತರ ಮರದ ಮೊಳೆ ಬಂದಿತು. ಅದೊಂದು ರಿಯಾಯಿತಿ. ಮೊದಲ ಹೊಡೆತದ ಮೇಲೆ ಆ ರಿಯಾಯಿತಿ ಮುಗಿಯಿತು. ಚೆಂಡು ಬಿದ್ದಲ್ಲಿಂದಲೇ, ಬಿದ್ದ ಹಾಗೆಯೇ, ಮತ್ತೆ ಹೊಡೆಯಬೇಕು. ಕುಳಿ ಇನ್ನೂ ಇನ್ನೂರು ಗಜ ದೂರವಿದೆ. ಚೆಂಡು ಕತ್ತರಿಸಿದ ಹುಲ್ಲಿನ ಮೇಲೆ, ಆಟಗಾರರು ಫೇರ್‌ವೇ ಎನ್ನುವ ನಡುದಾರಿಯಲ್ಲಿ, ನೆಲಕ್ಕೆ ಅಂಟಿ ಕುಳಿತಿದೆ. ಆಗ ಕೈಗೆ ಬರಬೇಕಾದದ್ದು ಉದ್ದನೆಯ ಹಿಡಿಕೆಯ, ಮರದ ತಲೆಯ ಕೋಲು. ತಳಕ್ಕೆ ಹಿತ್ತಾಳೆಯ ತಗಡು ಜಡಿದಿದ್ದುದರಿಂದ ಆ ಕಾಲದಲ್ಲಿ ಅದಕ್ಕೆ ಬ್ರಾಸಿ ಎಂದು ಹೆಸರು. ಅದಕ್ಕಿಂತ ತುಸು ಹೆಚ್ಚು ಓರೆಯಾದ ಮುಖವಿದ್ದುದನ್ನು ಸ್ಪೂನ್ ಎನ್ನುತ್ತಿದ್ದರು. ಈಗ ಈ ಕೋಲುಗಳ ತಲೆಯಲ್ಲಿ ಮರವಿಲ್ಲ, ಎಲ್ಲ ಲೋಹವೇ. ವುಡ್ ಎಂಬ ಹೆಸರು ಮಾತ್ರ ಉಳಿದುಕೊಂಡಿದೆ. ಕೋಲು ಬದಲಾದರೂ ಹೊಡೆತದ ಕಷ್ಟ ಬದಲಾಗಿಲ್ಲ. ನೆಲಕ್ಕೂ ಚೆಂಡಿಗೂ ನಡುವೆ ಸಂದಿಲ್ಲ. ಕೋಲು ಕೊಂಚ ಮೊದಲು ನೆಲವನ್ನು ಮುಟ್ಟಿದರೆ ಮಣ್ಣು ಹಾರುತ್ತದೆ, ಕೊಂಚ ಮೇಲಾದರೆ ಚೆಂಡಿನ ನೆತ್ತಿ ತಾಗಿ ಅದು ಮೊಲದಂತೆ ನೆಲದ ಮೇಲೆ ಕುಪ್ಪಳಿಸುತ್ತದೆ.

ಹ್ಯಾರಿ ಹುಟ್ಟಿದ್ದು ೧೮೭೦ರ ಮೇ ೯ರಂದು, ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಣ ಕಡಲಿನಲ್ಲಿರುವ ಜರ್ಸಿ ದ್ವೀಪದ ಗ್ರೂವಿಲ್ ಎಂಬ ಹಳ್ಳಿಯಲ್ಲಿ. ತಂದೆ ತೋಟದ ಮಾಲಿ. ಮನೆ ತುಂಬ ಮಕ್ಕಳು. ಹುಡುಗನಿಗೆ ಏಳೆಂಟು ವರ್ಷವಾಗಿದ್ದಾಗ ಕೆಲವರು ಇಂಗ್ಲಿಷ್ ದೊಡ್ಡಮನುಷ್ಯರು ಊರ ಗೋಮಾಳಕ್ಕೆ ಬಂದು ಗೂಟ ನೆಟ್ಟು, ಹುಲ್ಲು ಕತ್ತರಿಸಿ, ಗಾಲ್ಫ್ ಅಂಗಳವನ್ನು ಮಾಡಿದರು. ಹಳ್ಳಿಗರಿಗೆ ಅದು ಹಿಡಿಸಲಿಲ್ಲ. ಹುಡುಗರಿಗೆ ಮಾತ್ರ ಕೋಲುಚೀಲ ಹೊರುವ ಕೆಲಸವೂ ನಾಲ್ಕು ಕಾಸೂ ದೊರೆತವು. ಚೀಲ ಹೊತ್ತವರು ಆಡದೆ ಇರುತ್ತಾರೆಯೆ? ತಮ್ಮದೇ ಅಂಗಳವನ್ನು ಗುರುತು ಮಾಡಿಕೊಂಡರು; ಒಂದೊಂದು ಕುಳಿಗೂ ನಡುವೆ ಐವತ್ತು ಗಜದಷ್ಟು ದೂರ. ಚೆಂಡಿಗೆ ಬದಲು ದೊಡ್ಡ ಗೋಲಿ. ಓಕ್ ಜಾತಿಯ ಗಟ್ಟಿ ಮರದ ಕೊಂಬೆಯನ್ನು ಕತ್ತರಿಸಿ, ಕೆತ್ತಿ, ಕೋಲಿನ ತಲೆ ಮಾಡಿದರು. ಕಾದು ಕೆಂಪಾದ ಕಬ್ಬಿಣದಿಂದ ಅದಕ್ಕೆ ತೂತು ಕೊರೆದು ಮುಳ್ಳುಗಿಡದ ಕಡ್ಡಿಯನ್ನು ಹಿಡಿಕೆಯಾಗಿ ಸೇರಿಸಿದರು. ಕೆಲವರು ತಲೆಗೆ ತಗಡು ಬಡಿದು ತಮ್ಮ ಬ್ರಾಸಿಯನ್ನು ಸಿದ್ಧಗೊಳಿಸಿಕೊಂಡರು. ಗೋಲಿ ಗಟ್ಟಿ ಪದಾರ್ಥ. ಅದನ್ನು ನಡುಮಧ್ಯದಲ್ಲಿ ಹೊಡೆಯದಿದ್ದರೆ ಕೈ ಜುಮ್ಮೆನ್ನುತ್ತದೆ, ಕೋಲು ಸೀಳುತ್ತದೆ. ಅವನಿಗೆ ನಿಖರತೆಯನ್ನು ಕಲಿಸಿದ ಮೊದಲ ಮೇಷ್ಟ್ರು ಈ ಗೋಲಿಯೇ ಇರಬೇಕೆಂದು ನನ್ನ ಊಹೆ. ಬೇರೆ ಮೇಷ್ಟ್ರು ಅವನಿಗಿರಲಿಲ್ಲ. ಒಂದೇ ಒಂದು ದಿನವಾದರೂ ಯಾರಲ್ಲಿಯೂ ಅವನು ಪಾಠ ಹೇಳಿಸಿಕೊಂಡವನಲ್ಲ.

ಶಾಲೆ ಹದಿಮೂರಕ್ಕೇ ಮುಗಿಯಿತು. ಊಳಿಗ, ಅನಂತರ ತಂದೆಯಂತೆಯೇ ಮಾಲಿಯ ಕೆಲಸ. ಒಬ್ಬ ಯಜಮಾನ ಹಳೆಯ ಕೋಲುಗಳನ್ನು ಕೊಟ್ಟು ಆಡಲು ಹುರಿದುಂಬಿಸಿದನು. ಇಪ್ಪತ್ತರ ವಯಸ್ಸಿನವರೆಗೆ ಆಡಿದ್ದು ರಜಾದಿನಗಳಲ್ಲಿ ಮಾತ್ರ. ತಮ್ಮನಾದ ಟಾಮ್ ಅವನಿಗಿಂತ ಮೊದಲೇ ಇಂಗ್ಲೆಂಡಿಗೆ ಹೋಗಿ ಆಟವನ್ನೇ ಕಸಬಾಗಿ ಮಾಡಿಕೊಂಡು ಸಂಪಾದಿಸತೊಡಗಿದ್ದನು. ಅವನಿಗೆ ಸಾಧ್ಯವಾದುದು ತನಗೇಕೆ ಸಾಧ್ಯವಲ್ಲವೆಂದು ೧೮೯೦ರಲ್ಲಿ ಅಣ್ಣನೂ ದ್ವೀಪವನ್ನು ಬಿಟ್ಟನು. ಮೊದಲು ಸಿಕ್ಕಿದ್ದು ಯಾರ್ಕ್‌ಷೈರಿನ ಸ್ಟಡ್ಲಿ ರಾಯಲ್ ಎಂಬಲ್ಲಿ ಅಂಗಳ ನೋಡಿಕೊಳ್ಳುವ ಕೆಲಸ. ಆ ಅಂಗಳದ ಒಡೆಯನು ರಿಪನ್ ಪ್ರಭು. ೧೮೮೧ರ ಮಾರ್ಚ್‌ನಲ್ಲಿ ಮೈಸೂರು ಸಂಸ್ಥಾನವನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದಾಗ ಭಾರತದ ವೈಸರಾಯ್ ಆಗಿದ್ದವನು ಇವನೇ. ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಬರುವ ಆ ಪ್ರಭುವಿನ ಹುಲ್ಲನ್ನು ಕತ್ತರಿಸುತ್ತ ಗಾಲ್ಫಿನ ಮಹಾಪುರುಷನೊಬ್ಬ ತನ್ನ ವೃತ್ತಿಯನ್ನು ಆರಂಭಿಸಿದನೆಂಬುದು ಎಷ್ಟು ವಿಚಿತ್ರ! ಅಲ್ಲಿಂದ ಬರಿ ಎಂಬ ಊರಿಗೆ, ೧೮೯೬ರಲ್ಲಿ ಗ್ಯಾಂಟನ್ನಿಗೆ. ಈ ಆರು ವರ್ಷಗಳಲ್ಲಿ ಹೇಳುವಂಥ ಘಟನೆಗಳು ಹೆಚ್ಚಿಲ್ಲ. ಒಬ್ಬನೇ ಅಂಗಳದಲ್ಲಿ ನಿಂತು ಚೆಂಡು ಹೊಡೆದು ಹೊಡೆದು ತನ್ನ ಶೈಲಿಯನ್ನು ತಾನೇ ಕಂಡುಕೊಂಡ ಕಾಲವದು.

೧೮೯೬ರಲ್ಲಿ ಸ್ಕಾಟ್ಲೆಂಡಿನ ಮ್ಯೂರ್‌ಫೀಲ್ಡಿನಲ್ಲಿ ಓಪನ್ ಪಂದ್ಯ ನಡೆಯಿತು. ಹಿಂದಿನ ಎರಡು ವರ್ಷವೂ ಗೆದ್ದಿದ್ದ ಜೆ. ಎಚ್. ಟೇಲರನು ಮೂರನೆಯ ಬಾರಿಯೂ ಗೆಲ್ಲುವನೆಂದೇ ಜನ ನಂಬಿದ್ದರು. ಕೊನೆಯ ಕುಳಿಗೆ ವಾರ್ಡನ್ನನು ಬಂದಾಗ ಲೆಕ್ಕ ಸ್ಪಷ್ಟವಾಗಿತ್ತು: ನಾಲ್ಕು ಹೊಡೆತಗಳಲ್ಲಿ ಮುಗಿಸಿದರೆ ಗೆಲವು, ಐದಾದರೆ ಟೇಲರನೊಂದಿಗೆ ಸರಿಸಮ. ಮೊದಲ ಹೊಡೆತ ಚೆನ್ನಾಗಿ ಬಿದ್ದಿತು. ಮುಂದೆ, ಕುಳಿಯಿರುವ ಹಸುರಿಗೆ ಅಡ್ಡಲಾಗಿ, ಆಳವಾದ ಮರಳುಗುಂಡಿ. ಗುಂಡಿಯ ಮೇಲೆ ಹಾರಿಸಿದರೆ ಕೀರ್ತಿ ಕೈಯಲ್ಲಿ; ಬಿದ್ದರೆ ಎಲ್ಲವೂ ಮಣ್ಣುಪಾಲು. ಇಪ್ಪತ್ತಾರು ವರ್ಷದ ಯುವಕ, ಆವರೆಗೆ ಒಂದು ದೊಡ್ಡ ಪಂದ್ಯವನ್ನೂ ಗೆಲ್ಲದವನು, ಸುತ್ತ ನೆರೆದ ಜನ. ಅಂಥಲ್ಲಿ ಉದ್ದನೆಯ ಹೊಡೆತಕ್ಕೆ ಕೈಹಾಕಲು ಮನಸ್ಸು ಹಾತೊರೆಯುವುದು ಸಹಜ. ಅವನು ಹಿಂದೆಮುಂದೆ ನೋಡಿ, ಚಿಕ್ಕ ಹೊಡೆತದಿಂದ ಗುಂಡಿಯ ಈಚೆಗೇ ಚೆಂಡನ್ನು ನಿಲ್ಲಿಸಿದನು. ಐದರಲ್ಲಿ ಮುಗಿಸಿದನು. ಅನಂತರ ಮೂವತ್ತಾರು ಕುಳಿಗಳ ಮರುಪಂದ್ಯದಲ್ಲಿ ಟೇಲರನನ್ನು ನಾಲ್ಕು ಹೊಡೆತಗಳಿಂದ ಸೋಲಿಸಿದನು. ಉದ್ದ ಹೊಡೆತದ ಪ್ರವೀಣನಾದವನು ತನ್ನ ಮೊದಲ ಪದವಿಯನ್ನು ಪಡೆದದ್ದು ಆ ಹೊಡೆತವನ್ನು ಹೊಡೆಯದೆ ಬಿಟ್ಟು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದಕ್ಕೆ ಪ್ರತಿಯಾದ ಒಂದು ಸಂದರ್ಭ ಬರಲಿದೆ.

ಇನ್ನು ಆ ಹೊಡೆತದ ವಿಚಾರ. ಅಂದಿನ ಸ್ಕಾಟಿಷ್ ಆಟಗಾರರು ಕೋಲನ್ನು ದೇಹದ ಸುತ್ತ, ಬಹುಮಟ್ಟಿಗೆ ನೆಲಕ್ಕೆ ಸಮನಾಗಿ ಬೀಸುತ್ತಿದ್ದರು. ಚೆಂಡು ತಗ್ಗಾಗಿ ಹಾರಿ, ಬಿದ್ದು, ಬಹುದೂರ ಉರುಳುತ್ತಿತ್ತು. ವಾರ್ಡನ್ನನ ಬೀಸು ಮೇಲ್ಮುಖ. ಕೋಲು ನೆಟ್ಟಗೆ ಎದ್ದು ನೆಟ್ಟಗೆ ಇಳಿಯುತ್ತಿತ್ತು. ಚೆಂಡು ಎತ್ತರಕ್ಕೆ ಏರಿ, ಮೆಲ್ಲನೆ ಇಳಿದು, ಬಿದ್ದಲ್ಲೇ ಸ್ವಲ್ಪ ಹೊರಳಿ ನಿಲ್ಲುತ್ತಿತ್ತು. ಇತರರು ಚಿಕ್ಕ ಕಬ್ಬಿಣದ ಕೋಲಿನಿಂದ ಹತ್ತಿರದಿಂದ ಮಾಡುವ ಕೆಲಸವನ್ನು ಅವನು ಇನ್ನೂರು ಗಜದಿಂದ ಬ್ರಾಸಿಯಲ್ಲಿ ಮಾಡುತ್ತಿದ್ದನೆಂದು ಅವನನ್ನು ಕಂಡವರೆಲ್ಲ ಬರೆದಿದ್ದಾರೆ. ಬೆಳಗ್ಗೆ ಆಡಿದ ಅಂಗಳದಲ್ಲೇ ಮಧ್ಯಾಹ್ನ ಮತ್ತೆ ಆಡಿದರೆ ಚೆಂಡು ಬೆಳಗಿನ ತನ್ನದೇ ಗಾಯದ ಗುರುತುಗಳಲ್ಲಿ ಹೋಗಿ ಬೀಳುತ್ತಿತ್ತೆಂಬ ಕಥೆಯೂ ಹುಟ್ಟಿತು. ಇದು ಅಭಿಮಾನಿಗಳ ಉತ್ಪ್ರೇಕ್ಷೆಯೇ ಸರಿ. ಅದರಲ್ಲೂ ಅವನು ನೆಲಕ್ಕೆ ಗಾಯ ಮಾಡುತ್ತಿದ್ದುದೇ ಕಡಿಮೆ; ಹುಲ್ಲನ್ನು ಸವರಿಕೊಂಡು ಹೋಗುವಂತೆ ಕೋಲು ಸಾಗುತ್ತಿತ್ತು. ಮರದ ಕೋಲಿನ ಗುಟ್ಟೆಲ್ಲ ಇರುವುದು ಈ ಸವರುವಿಕೆಯಲ್ಲೇ. ಚೆಂಡನ್ನು ಮೇಲೆತ್ತಬೇಕೆಂದು ಆಟಗಾರನು ತಾನೇ ಮೈಯನ್ನು ಮೇಲೆತ್ತುತ್ತಾನೆ, ತೂಕವನ್ನು ಹಿಂಗಾಲಿಗೆ ಹಾಕುತ್ತಾನೆ. ಕೋಲಿನ ಮುಖದ ಓರೆಯೇ ಚೆಂಡನ್ನು ಎತ್ತುತ್ತದೆಂಬ ನಂಬಿಕೆ ಅವನಿಗಿರುವುದಿಲ್ಲ. ದೂರ ಹೋಗಬೇಕೆಂದು ಬಲ ಬಿಡುತ್ತಾನೆ. ಬಲ ಬಿಟ್ಟೊಡನೆ ತಾಳ ಕೆಡುತ್ತದೆ. ವಾರ್ಡನ್ನನಲ್ಲಿ ಇವೆರಡೂ ಇರಲಿಲ್ಲ. ಅವನ ಬೀಸನ್ನು ನೋಡಿದವರಿಗೆ ಅದು ಸೋಮಾರಿತನದಂತೆ ಕಾಣುತ್ತಿತ್ತಂತೆ. ಕೋಲನ್ನು ಹಿಂದಕ್ಕೆ ಒಯ್ಯುವುದು ನಿಧಾನ, ಮೇಲೆ ಹೋದಾಗ ಎಡತೋಳು ಕೊಂಚ ಬಾಗುವುದು. ಎಡತೋಳು ನೆಟ್ಟಗಿರಲೇಬೇಕೆಂದು ಹಟ ಹಿಡಿಯುವವರ ಪಂಥ ಅವನದಲ್ಲ. ಬಿಗಿದ ಸ್ನಾಯು ಬೀಸನ್ನು ಕೊಲ್ಲುತ್ತದೆಂದು ಅವನು ತಿಳಿದಿದ್ದನು.

ಕೋಲನ್ನು ಹಿಡಿಯುವ ರೀತಿಗೂ ಅವನ ಹೆಸರು ಅಂಟಿಕೊಂಡಿದೆ. ಬಲಗೈಯ ಕಿರುಬೆರಳನ್ನು ಕೋಲಿನ ಮೇಲಿಡದೆ ಎಡಗೈಯ ತೋರುಬೆರಳಿನ ಮೇಲೆ ಕೂಡಿಸುವುದು ಆ ಕ್ರಮ. ಎರಡು ಕೈಗಳು ಒಂದರೊಡನೊಂದು ಜಗಳವಾಡದೆ ಒಂದೇ ಕೈಯಂತೆ ದುಡಿಯಲೆಂಬುದು ಅದರ ಉದ್ದೇಶ. ಅದನ್ನು ಕಂಡುಹಿಡಿದವನು ವಾರ್ಡನ್ನನಲ್ಲ, ಅವನಿಗಿಂತ ಮೊದಲೇ ಲೇಡ್ಲೇ ಎಂಬ ಸ್ಕಾಟಿಷ್ ಆಟಗಾರನು ಹಾಗೆ ಹಿಡಿಯುತ್ತಿದ್ದನು. ಆದರೆ ಲೋಕವು ಕಂಡುಹಿಡಿದವನಿಗಿಂತ ಗೆದ್ದು ತೋರಿಸಿದವನನ್ನೇ ಹೆಚ್ಚು ಜ್ಞಾಪಿಸಿಕೊಳ್ಳುತ್ತದೆ. ಸಾಹಿತ್ಯದಲ್ಲೂ ಛಂದಸ್ಸುಗಳ ವಿಷಯದಲ್ಲಿ ಹೀಗಾಗಿರುವುದುಂಟು. ೧೯೦೫ರಲ್ಲಿ ಅವನು ಹೊರತಂದ ‘ದಿ ಕಂಪ್ಲೀಟ್ ಗಾಲ್ಫರ್’ ಎಂಬ ಗ್ರಂಥದಲ್ಲಿ ಬ್ರಾಸಿ ಮತ್ತು ಸ್ಪೂನ್‌ಗಳಿಗೆಂದೇ ಒಂದು ಅಧ್ಯಾಯವಿದೆ. ಚೆಂಡು ಹುಲ್ಲಿನ ಮೇಲೆ ಚೆನ್ನಾಗಿ ಕುಳಿತಿದ್ದರೆ ಬ್ರಾಸಿಯ ಹೊಡೆತಕ್ಕೂ ಮೊದಲ ಹೊಡೆತಕ್ಕೂ ಭೇದವೆಣಿಸಬಾರದು, ಅದೇ ನಿಲುವು, ಅದೇ ಬೀಸು ಎಂಬುದು ಅಲ್ಲಿಯ ಬೋಧೆ. ನೆಲದ ತಗ್ಗಿನಲ್ಲಿ ಸಿಕ್ಕಿಕೊಂಡಿದ್ದರೆ ಮಾತ್ರ ದೃಷ್ಟಿಯನ್ನು ಚೆಂಡಿನ ಮೇಲಲ್ಲ, ಅದರ ಹಿಂದಣ ನೆಲದ ಮೇಲೆ ನೆಟ್ಟು, ಕೋಲನ್ನು ಅಲ್ಲಿಗೆ ಇಳಿಸಬೇಕು. ಸರಳವಾದ ಮಾತು. ನೂರಕ್ಕೂ ಹೆಚ್ಚು ವರ್ಷಗಳಿಂದ ಬೋಧಕರು ಬೇರೆ ಬೇರೆ ಮಾತುಗಳಲ್ಲಿ ಹೇಳುತ್ತಿರುವುದೂ ಇದರಿಂದ ಬಹಳ ದೂರ ಹೋಗಿಲ್ಲ.

ಅವನ ಪ್ರಥಮ ವೈಭವದ ಕಾಲವನ್ನು ಬೇಗ ಹೇಳಿಬಿಡಬಹುದು. ೧೮೯೮ರಲ್ಲಿ ಪ್ರೆಸ್ಟ್‌ವಿಕ್, ೧೮೯೯ರಲ್ಲಿ ಸ್ಯಾಂಡ್‌ವಿಚ್, ಎರಡರಲ್ಲೂ ಓಪನ್ ಗೆಲವು. ೧೯೦೦ರಲ್ಲಿ ಅಮೆರಿಕದ ಪ್ರವಾಸ. ತನ್ನ ಹೆಸರಿನ ‘ವಾರ್ಡನ್ ಫ್ಲೈಯರ್’ ಎಂಬ ಚೆಂಡಿನ ಪ್ರಚಾರಕ್ಕಾಗಿ ಊರಿಂದೂರಿಗೆ ಅಲೆದು ಎಂಬತ್ತಕ್ಕೂ ಹೆಚ್ಚು ಪಂದ್ಯಗಳನ್ನಾಡಿದನು. ಷಿಕಾಗೋ ಬಳಿಯ ವೀಟನ್ನಿನಲ್ಲಿ ಅಮೆರಿಕದ ಓಪನ್ ಪಂದ್ಯವನ್ನೂ ಟೇಲರನಿಗಿಂತ ಎರಡು ಹೊಡೆತ ಮುಂದಾಗಿ ಗೆದ್ದನು. ಕೊನೆಯ ಕುಳಿಯ ಬಾಯಲ್ಲೇ ಕುಳಿತಿದ್ದ ಚೆಂಡನ್ನು ಅಲಕ್ಷ್ಯದಿಂದ ತಳ್ಳಹೋಗಿ ಕೋಲು ಚೆಂಡನ್ನು ಮುಟ್ಟಲೇ ಇಲ್ಲ. ಗೆಲವಿಗೆ ಅದರಿಂದ ಕುಂದೇನೂ ಬರಲಿಲ್ಲ, ಜನ ನಕ್ಕಿರಬೇಕು. ಆ ನಗು ಮೂರು ವರ್ಷಗಳಲ್ಲಿ ನೋವಾಗುವುದಿತ್ತು. ಅಷ್ಟರಲ್ಲಿ ಅವನು ಪ್ರಚಾರ ಮಾಡಿದ ಚೆಂಡೂ ಮೂಲೆ ಸೇರಿತು. ಮಲಯ ದೇಶದ ಮರದ ಹಾಲಿನಿಂದಾದ ಗಟ್ಟಿ ಗಟ್ಟಾಪರ್ಚ ಚೆಂಡಿಗೆ ಬದಲಾಗಿ, ಒಳಗೆ ರಬ್ಬರಿನ ಎಳೆ ಸುತ್ತಿದ ಹ್ಯಾಸ್ಕೆಲ್ ಚೆಂಡು ಬಂದಿತು. ೧೯೦೨ರ ಓಪನ್ ಪಂದ್ಯವನ್ನು ಸ್ಯಾಂಡಿ ಹರ್ಡನು ಆ ಹೊಸ ಚೆಂಡಿನಿಂದ, ವಾರ್ಡನ್ನನಿಗಿಂತ ಒಂದೇ ಹೊಡೆತ ಮುಂದಾಗಿ, ಗೆದ್ದನು. ಹಳೆಯ ಚೆಂಡು ಕೆಟ್ಟ ಹೊಡೆತವನ್ನು ಕ್ಷಮಿಸುತ್ತಿರಲಿಲ್ಲ, ಹೊಸದು ಕ್ಷಮಿಸುತ್ತಿತ್ತು. ನಿಖರವಾಗಿ ಹೊಡೆಯುವವನಿಗೂ ಅರೆಬರೆ ಹೊಡೆಯುವವನಿಗೂ ಇದ್ದ ಅಂತರ ಕಡಿಮೆಯಾಯಿತು. ವಾರ್ಡನ್ನನು ಕೊನೆಯವರೆಗೂ ಹಳೆಯ ಚೆಂಡಿನ ಪಕ್ಷಪಾತಿಯಾಗಿ ಉಳಿದದ್ದರಲ್ಲಿ ಆಶ್ಚರ್ಯವಿಲ್ಲ.

೧೯೦೩. ಪ್ರೆಸ್ಟ್‌ವಿಕ್ಕಿನ ಓಪನ್ ಪಂದ್ಯಕ್ಕೆ ಅವನು ಬಂದಾಗ ಮೈಯಲ್ಲಿ ಶಕ್ತಿಯಿರಲಿಲ್ಲ. ಕ್ಷಯರೋಗ ಒಳಹೊಕ್ಕಿತ್ತು. ಕೊನೆಯ ಸುತ್ತಿನಲ್ಲಿ ಮೂರ್ಛೆ ಬರುವಂತಾಗಿ, ಮುಗಿಸುವೆನೋ ಇಲ್ಲವೋ ಎಂಬ ಸಂಶಯದಲ್ಲೇ ಆಡಿ, ಆರು ಹೊಡೆತಗಳಿಂದ ಗೆದ್ದನು. ಎರಡನೆಯವನಾಗಿ ಬಂದವನು ಸ್ವಂತ ತಮ್ಮ ಟಾಮ್. ಅಲ್ಲಿಂದ ಅವನ ದಾರಿ ನಾರ್ಫಕ್ಕಿನ ಮಂಡ್ಸ್‌ಲಿ ಎಂಬಲ್ಲಿಯ ಕ್ಷಯರೋಗ ಚಿಕಿತ್ಸಾಲಯಕ್ಕೆ. ಆ ಕಾಲದಲ್ಲಿ ಕ್ಷಯಕ್ಕೆ ಔಷಧವಿರಲಿಲ್ಲ. ಗಾಳಿ, ವಿಶ್ರಾಂತಿ, ಕಾಯುವುದು ಇಷ್ಟೇ. ಚೇತರಿಸಿಕೊಳ್ಳುತ್ತಿದ್ದಾಗ ಅಲ್ಲಿನ ಅಂಗಳದಲ್ಲಿ ಒಂದು ದಿನ ಒಂದೇ ಹೊಡೆತಕ್ಕೆ ಚೆಂಡನ್ನು ಕುಳಿಗೆ ಹಾಕಿದನು. ಇಡೀ ಬಾಳಿನಲ್ಲಿ ಆ ಭಾಗ್ಯ ಅವನಿಗೆ ದೊರೆತದ್ದು ಅದೊಂದೇ ಸಲ.

ಜೀವ ಉಳಿಯಿತು, ಆದರೆ ಬಲಗೈ ಮೊದಲಿನಂತಾಗಲಿಲ್ಲ. ಚಿಕ್ಕ ಹೊಡೆತಕ್ಕೆ ಕೋಲನ್ನು ಚೆಂಡಿನ ಹಿಂದೆ ಇಟ್ಟೊಡನೆ ಆ ಕೈ ಜಗ್ಗೆಂದು ಹಾರುತ್ತಿತ್ತು. ಗಾಲ್ಫಿನಲ್ಲಿ ಅತ್ಯಂತ ಸುಲಭವೆಂದು ಮಕ್ಕಳಿಗೂ ತೋರುವುದು ಎರಡು ಮೂರು ಅಡಿಯ ದೂರದಿಂದ ಚೆಂಡನ್ನು ಕುಳಿಗೆ ತಳ್ಳುವ ಕೆಲಸ. ಅದೇ ಅವನಿಗೆ ಯಮಯಾತನೆಯಾಯಿತು. ಇತ್ತ ಇನ್ನೂರು ಗಜದ ಬ್ರಾಸಿಯ ಹೊಡೆತ, ಇತರರ ಎದೆ ನಡುಗಿಸುವಂಥದು, ಅವನಲ್ಲಿ ಎಳ್ಳಷ್ಟೂ ಕೆಡಲಿಲ್ಲ. ಈ ವೈಪರೀತ್ಯವನ್ನು ಓದಿದಾಗ ನನಗೆ ತಬಲೆಯ ಮೇಲೆ ಮಿಂಚಿನಂತೆ ಬೆರಳಾಡಿಸುವವನು ಅಂಗಿಯ ಗುಂಡಿ ಹಾಕಿಕೊಳ್ಳಲಾರದೆ ಒದ್ದಾಡುವ ಚಿತ್ರ ಕಣ್ಣಿಗೆ ಬಂದಿತು. ದೊಡ್ಡ ಬೀಸಿಗೆ ತನ್ನದೇ ಓಘವಿದೆ. ಒಮ್ಮೆ ಹೊರಟರೆ ನಡುವೆ ಸಂಶಯ ಹೊಗಲು ಎಡೆಯಿಲ್ಲ. ಚಿಕ್ಕ ಹೊಡೆತದಲ್ಲಿ ಎಡೆಯೇ ಎಡೆ. ಹೀಗಾಗಿ ೧೯೦೩ರ ಅನಂತರದ ವಾರ್ಡನ್ನನಿಗೆ ಬ್ರಾಸಿಯು ಬರಿಯ ಕೌಶಲವಾಗಿ ಉಳಿಯದೆ ಬಾಳುವ ಉಪಾಯವಾಯಿತು. ದೂರದ ಹೊಡೆತವನ್ನು ಕುಳಿಯ ತೀರ ಸಮೀಪಕ್ಕೆ ತಂದಿಟ್ಟರೆ ಮಾತ್ರ ಕೈಯ ನಡುಕಕ್ಕೆ ತೆರಬೇಕಾದ ದಂಡ ಕಡಿಮೆಯಾಗುತ್ತಿತ್ತು.

ಎಂಟು ವರ್ಷ ಓಪನ್ ಪದವಿ ಬರಲಿಲ್ಲ. ಲಂಡನ್ನಿನ ಹೊರವಲಯದ ಟಾಟರಿಡ್ಜಿನಲ್ಲಿ, ಸೌತ್ ಹರ್ಟ್ಸ್ ಕ್ಲಬ್ಬಿನಲ್ಲಿ ಬೋಧಕನಾಗಿ ನೆಲೆಸಿದ್ದನು. ಎಲ್ಲರೂ ಅವನ ಕಾಲ ಮುಗಿಯಿತೆಂದುಕೊಂಡಿದ್ದಾಗ ೧೯೧೧ರಲ್ಲಿ, ನಲವತ್ತೊಂದನೆಯ ವಯಸ್ಸಿನಲ್ಲಿ, ಸ್ಯಾಂಡ್‌ವಿಚ್ಚಿನ ಮರುಪಂದ್ಯದಲ್ಲಿ ಫ್ರಾನ್ಸಿನ ಅರ್ನೋ ಮಾಸಿಯನ್ನು ಸೋಲಿಸಿ ಐದನೆಯ ಬಾರಿ ಗೆದ್ದನು.

ನಾನು ಆಗಲೇ ಸೂಚಿಸಿದ ಸಂದರ್ಭ ೧೯೧೩ರದು. ಅಮೆರಿಕದ ಬ್ರೂಕ್‌ಲೈನ್ ಎಂಬಲ್ಲಿ ಆ ದೇಶದ ಓಪನ್. ವಾರ್ಡನ್, ಅವನ ಜರ್ಸಿ ದ್ವೀಪದವನೇ ಆದ ಟೆಡ್ ರೇ, ಮತ್ತು ಅಂಗಳದ ಎದುರು ಮನೆಯ ಇಪ್ಪತ್ತು ವರ್ಷದ ಹುಡುಗ ಫ್ರಾನ್ಸಿಸ್ ವೀಮೆಟ್, ಮೂವರೂ ಸಮಸಮ. ಮರುದಿನ ಮಳೆಯಲ್ಲಿ ಮರುಪಂದ್ಯ. ಹುಡುಗನ ಚೀಲ ಹೊತ್ತವನಿಗೆ ಹತ್ತು ವರ್ಷ. ಹದಿನೇಳನೆಯ ಕುಳಿಗೆ ಬಂದಾಗ ವಾರ್ಡನ್ನನು ಒಂದೇ ಹೊಡೆತ ಹಿಂದಿದ್ದನು. ಅಲ್ಲಿ ದಾರಿ ಎಡಕ್ಕೆ ತಿರುಗುತ್ತದೆ; ಮೂಲೆಯಲ್ಲಿ ಮರಳುಗುಂಡಿ. ದಾರಿಯ ನಡುವೆ ಹೊಡೆದರೆ ಕ್ಷೇಮ, ಮೂಲೆಯನ್ನು ಕತ್ತರಿಸಿದರೆ ಲಾಭ. ಮ್ಯೂರ್‌ಫೀಲ್ಡಿನ ಇಪ್ಪತ್ತಾರರ ಯುವಕನು ತೋರಿದ ತಾಳ್ಮೆಯನ್ನು ನಲವತ್ತಮೂರರ ಅನುಭವಿ ತೋರಲಿಲ್ಲ. ಮೂಲೆಯನ್ನು ಕತ್ತರಿಸಹೋಗಿ ಚೆಂಡು ಗುಂಡಿಗೆ ಬಿದ್ದಿತು. ಪಂದ್ಯ ಅಲ್ಲಿಗೇ ಕೈಬಿಟ್ಟಿತು. ಹುಡುಗ ೭೨, ವಾರ್ಡನ್ ೭೭, ರೇ ೭೮. ಆ ಗುಂಡಿಗೆ ಈಗಲೂ ವಾರ್ಡನ್ನನ ಹೆಸರೇ ಇದೆ. ಅವನು ಹಾಗೇಕೆ ಮಾಡಿದನೆಂದು ವಿಮರ್ಶಕರು ಕೇಳುತ್ತಾರೆ. ನನಗೆ ತೋರುವುದಿಷ್ಟು: ಹಸುರಿನ ಮೇಲೆ ಆ ಹುಡುಗನ ಕೈ ನಡುಗುತ್ತಿರಲಿಲ್ಲ, ತನ್ನದು ನಡುಗುತ್ತಿತ್ತು. ಉಳಿದ ಎರಡು ಕುಳಿಗಳಲ್ಲಿ ಒಂದು ಹೊಡೆತವನ್ನು ಹಿಂದಕ್ಕೆ ಪಡೆಯಬೇಕಾದರೆ ಅದು ಉದ್ದನೆಯ ಕೋಲಿನಿಂದಲೇ ಬರಬೇಕಾಗಿತ್ತು.

ಮರುವರ್ಷ ಜೂನಿನಲ್ಲಿ ಪ್ರೆಸ್ಟ್‌ವಿಕ್. ಮೂರು ಸುತ್ತು ಮುಗಿದಾಗ ಟೇಲರನೇ ಎರಡು ಹೊಡೆತ ಮುಂದೆ. ಕೊನೆಯ ದಿನ ಇಬ್ಬರೂ ಜೊತೆಯಲ್ಲೇ ಆಡಿದರು. ಮುದುಕರಾಗುತ್ತಿದ್ದ ಇಬ್ಬರು ಗೆಳೆಯರು, ಇಬ್ಬರಿಗೂ ಐದೈದು ಓಪನ್ ಪದವಿ. ನಾಲ್ಕನೆಯ ಕುಳಿಯಲ್ಲಿ ಟೇಲರನಿಗೆ ಏಳು ಹೊಡೆತ ತಗಲಿತು. ವಾರ್ಡನ್ನನು ಮೂರು ಹೊಡೆತಗಳಿಂದ ಗೆದ್ದನು. ಅದು ಆರನೆಯದು. ಬ್ರಿಟಿಷ್ ಓಪನ್ನಿನಲ್ಲಿ ಆ ಆರನ್ನು ಈವರೆಗೆ ಯಾರೂ ಮುಟ್ಟಿಲ್ಲ. ಕೆಲವೇ ವಾರಗಳಲ್ಲಿ ಮಹಾಯುದ್ಧ ಆರಂಭವಾಯಿತು.

ಯುದ್ಧ ಮುಗಿದ ಮೇಲೆ, ೧೯೨೦ರಲ್ಲಿ, ಐವತ್ತು ವರ್ಷದ ವಾರ್ಡನ್ನನು ಓಹಾಯೋದ ಟೊಲೀಡೊ ನಗರದ ಇನ್‌ವರ್ನೆಸ್ ಕ್ಲಬ್ಬಿಗೆ ಹೋದನು. ಸಂಬಳಕ್ಕೆ ಆಡುವ ವೃತ್ತಿಗಾರರನ್ನು ಅದುವರೆಗೆ ಕ್ಲಬ್ಬುಗಳ ಮನೆಯೊಳಕ್ಕೆ ಬಿಟ್ಟುಕೊಳ್ಳುವ ವಾಡಿಕೆ ಇರಲಿಲ್ಲ. ಪದವಿ ಎಷ್ಟೇ ಗೆದ್ದಿದ್ದರೂ ಅವರ ಜಾಗ ಹೊರಗಡೆಯೇ. ಇನ್‌ವರ್ನೆಸ್ಸಿನವರು ಆ ವರ್ಷ ಬಾಗಿಲು ತೆರೆದರು. ಮಾಲಿಯ ಮಗ ಮುಂಬಾಗಿಲಿನಿಂದ ಒಳಗೆ ಹೋದನೆಂಬುದು ನನಗಂತೂ ಅವನ ಪದವಿಗಳಷ್ಟೇ ಮುಖ್ಯವಾದ ಸಂಗತಿ. ಕೊನೆಯ ಸುತ್ತಿನಲ್ಲಿ ಏಳು ಕುಳಿಗಳು ಉಳಿದಿದ್ದಾಗ ಎಲ್ಲರಿಗಿಂತ ಮುಂದೆ ಇದ್ದವನು ಅವನೇ. ಅಷ್ಟರಲ್ಲಿ ಈರೀ ಸರೋವರದ ಕಡೆಯಿಂದ ಬಿರುಗಾಳಿ ಎದ್ದಿತು. ಐವತ್ತರ ದೇಹ ದಣಿಯಿತು. ಚಿಕ್ಕ ಹೊಡೆತಗಳು ಒಂದಾದಮೇಲೊಂದು ತಪ್ಪಿದವು; ಅದು ನಿರೀಕ್ಷಿತವೇ. ಹದಿನೇಳನೆಯ ಕುಳಿಯಲ್ಲಿ, ಹಸುರಿನ ಮುಂದಿನ ತೊರೆಯನ್ನು ದಾಟಿಸಬೇಕಾದ ಎರಡನೆಯ ಉದ್ದ ಹೊಡೆತವೂ ಗಾಳಿಗೆ ಸಿಕ್ಕಿ ನೀರಿಗೆ ಬಿದ್ದಿತು. ಗೆದ್ದವನು ಟೆಡ್ ರೇ. ವಾರ್ಡನ್ನನು ಒಂದೇ ಹೊಡೆತ ಹಿಂದೆ. ಹದಿನೇಳು ವರ್ಷ ರೋಗವು ಮುಟ್ಟದೆ ಬಿಟ್ಟಿದ್ದ ಹೊಡೆತವನ್ನು ಗಾಳಿ ಕಿತ್ತುಕೊಂಡಿತು.

ಮುಂದೆ ದೊಡ್ಡ ಗೆಲವುಗಳಿಲ್ಲ. ಟಾಟರಿಡ್ಜಿನ ಅಂಗಳದಲ್ಲಿ ಪಾಠ ಹೇಳುತ್ತ, ಹೊಸ ಅಂಗಳಗಳ ನಕ್ಷೆ ಹಾಕುತ್ತ, ೧೯೩೩ರಲ್ಲಿ ಆತ್ಮಕಥೆಯನ್ನು ಪ್ರಕಟಿಸಿ, ೧೯೩೭ರ ಮಾರ್ಚ್ ೨೦ರಂದು ಅವನು ತೀರಿಕೊಂಡನು. ಆ ಊರಿನ ಚರ್ಚಿನ ಸ್ಮಶಾನದಲ್ಲಿಯೇ ಮಣ್ಣು ಮಾಡಿದರು. ಅದೇ ವರ್ಷ ಅಮೆರಿಕದ ವೃತ್ತಿ ಆಟಗಾರರ ಸಂಘದವರು ಅವನ ಹೆಸರಿನಲ್ಲಿ ಒಂದು ಪಾರಿತೋಷಕವನ್ನು ಸ್ಥಾಪಿಸಿದರು. ವರ್ಷದುದ್ದಕ್ಕೂ ಸರಾಸರಿ ಅತಿ ಕಡಿಮೆ ಹೊಡೆತಗಳಲ್ಲಿ ಆಡಿದವನಿಗೆ ಅದು ಸಲ್ಲುತ್ತದೆ. ಇನ್ನೂರು ಗಜದ ಬ್ರಾಸಿಯ ಹೊಡೆತವೂ ಒಂದಡಿಯ ತಳ್ಳುವಿಕೆಯೂ ಅದರ ಲೆಕ್ಕದಲ್ಲಿ ಒಂದೊಂದೇ.